ಒಂಬತ್ತನೇ ಕ್ಲಾಸಿನ ‘ಜೂಲಿಯಸ್ ಸೀಸರ್’: ಗೈಡ್ ಬಿಡಿಸಿ ನಾಟಕ ಓದಿಸೋದು ಹೇಗೆ?

ಹೊಂಗೆ ನೆರಳು (ಪ್ರಶ್ನೆ):
ಮಗಳು ಐಸಿಎಸ್‌ಇ, ಒಂಬತ್ತನೇ ಕ್ಲಾಸು. ಇಂಗ್ಲಿಷ್ ಎರಡನೇ ಪೇಪರಿಗೆ ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ಇದೆ. ಎಡಗಡೆ ಮೂಲ, ಬಲಗಡೆ ಈಗಿನ ಇಂಗ್ಲಿಷು ಇರೋ ಪುಸ್ತಕ ಕೊಡಿಸಿದ್ದೇವೆ. ಅವಳು ಬಲಗಡೆ ಬಿಟ್ಟು ಕಣ್ಣೆತ್ತಲ್ಲ. ಕಥೆ ಪೂರ್ತಿ ಬಾಯಿಪಾಠ, ಆದರೆ ನಾಲ್ಕು ಸಾಲು ಕೊಟ್ಟು ‘ಯಾರು ಹೇಳಿದ್ದು, ಯಾಕೆ’ ಅಂದರೆ ಉತ್ತರವಿಲ್ಲ. ನಾನು ಓದಿದ್ದು ಕನ್ನಡ ಮೀಡಿಯಂ. ದಿನಕ್ಕೆ ಅರ್ಧ ಗಂಟೆ ಕೂರಬಲ್ಲೆ. ಎಲ್ಲಿಂದ ಶುರು ಮಾಡಲಿ?

ಚಾಕ್‌ಪೀಸ್:
ಅರ್ಧ ಗಂಟೆ ಧಾರಾಳವಾಯಿತು. ನಿಮ್ಮ ಇಂಗ್ಲಿಷ್ ಎಷ್ಟಿದೆ ಅನ್ನೋದೂ ಇಲ್ಲಿ ಮುಖ್ಯವಲ್ಲ.

ಮೊದಲು ಪುಟದ ಲೆಕ್ಕ ಬಿಡಿ. ಯಾರಾದರೂ ರಂಗದ ಮೇಲೆ ಬಂದಾಗ, ಹೋದಾಗ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆಯಿರಿ. ಮೊದಲ ಅಂಕದ ಎರಡನೇ ದೃಶ್ಯ ಮುನ್ನೂರು ಸಾಲಿನ ಮೇಲಿದೆ, ಒಂದೇ ಏಟಿಗೆ ಯಾವ ಮಗುವೂ ಓದಲ್ಲ. ಗೆರೆ ಎಳೆದರೆ ಐದು ತುಂಡು: ಮೆರವಣಿಗೆ ಮತ್ತು ಕಣಿ ಹೇಳೋನು, ಕ್ಯಾಸಿಯಸ್ ಸೀಸರ್ ವಿರುದ್ಧ ಬ್ರೂಟಸ್‌ನ ಮನಸ್ಸು ಕಲಕೋದು, ಸೀಸರ್ ವಾಪಸ್ ಬಂದು ಕ್ಯಾಸಿಯಸ್‌ನನ್ನು ಅಳೆಯೋದು, ಕಿರೀಟದ ಪ್ರಸಂಗವನ್ನು ಕ್ಯಾಸ್ಕಾ ಹೇಳೋದು, ಕೊನೆಗೆ ಕ್ಯಾಸಿಯಸ್‌ನ ಸ್ವಗತ. ದಿನಕ್ಕೊಂದು ತುಂಡು. ಎರಡನೆಯದು ಉದ್ದ, ಅದಕ್ಕೆ ಎರಡು ದಿನ ಇಟ್ಟುಕೊಳ್ಳಿ.

ಬಲಗಡೆ ಪುಟಕ್ಕೆ ಒಂದು ಹಾಳೆ ಮುಚ್ಚಿ. ನೀವೊಂದು ಪಾತ್ರ, ಅವಳೊಂದು ಪಾತ್ರ ತೆಗೆದುಕೊಂಡು ಗಟ್ಟಿಯಾಗಿ ಓದಿ. ಸಾಲು ಮುಗಿದಲ್ಲಿ ನಿಲ್ಲಬೇಡಿ, ಕಾಮಾ ಅಥವಾ ಫುಲ್‌ಸ್ಟಾಪ್ ಇದ್ದಲ್ಲಿ ನಿಲ್ಲಿ. ‘ಅರ್ಥವಾಗಲಿಲ್ಲ’ ಅನ್ನೋದರಲ್ಲಿ ಅರ್ಧಕ್ಕರ್ಧ, ಸಾಲಿನ ತುದಿಯಲ್ಲಿ ಉಸಿರು ಕಡಿಯೋದರಿಂದ ಬರುತ್ತೆ. ಓದಿದ ಮೇಲೆ ಪ್ರತಿ ಮಾತಿನ ಪಕ್ಕ ಒಂದೇ ಒಂದು ಕ್ರಿಯಾಪದ ಬರೆಸಿ: ಉಬ್ಬಿಸ್ತಾನೆ, ಕೆಣಕ್ತಾನೆ, ಜಾರಿಕೊಳ್ತಾನೆ. ಕನ್ನಡದಲ್ಲೇ ಬರೆಯಲಿ. ಟೈಬರ್ ನದಿಯಲ್ಲಿ ಸೀಸರ್ ಮುಳುಗೋಕೆ ಬಂದಿದ್ದ, ಸ್ಪೇನ್‌ನಲ್ಲಿ ಜ್ವರ ಬಂದು ನೀರು ಕೇಳಿದ್ದ ಅಂತ ಕ್ಯಾಸಿಯಸ್ ಹೇಳ್ತಾನಲ್ಲ, ಅದರ ಪಕ್ಕ ‘ಸೀಸರ್‌ನನ್ನು ಇಳಿಸ್ತಾನೆ’ ಅಂತ ಬಿದ್ದರೆ ‘ಯಾಕೆ ಹೇಳಿದ’ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೇ. ಹಾಳೆ ತೆಗೆದು ತಾಳೆ ನೋಡೋದು ಆಮೇಲೆ.

ಗೊತ್ತಿಲ್ಲದ ಪದಕ್ಕೆ ಹೇಗೂ ಅಡಿಟಿಪ್ಪಣಿ ನೋಡ್ತಾರೆ. ಗೊತ್ತಿದೆ ಅಂದುಕೊಂಡ ಪದವೇ ಕೈಕೊಡೋದು. ಈ ನಾಟಕದಲ್ಲಿ ‘ಸ್ಯಾಡ್’ ಅಂದರೆ ಗಂಭೀರ, ‘ಫಾಂಡ್’ ಅಂದರೆ ಪೆದ್ದ, ‘ಲವರ್ಸ್’ ಅಂದರೆ ಸ್ನೇಹಿತರು, ‘ಸೆನ್ಷರ್’ ಅಂದರೆ ತೂಗಿ ತೀರ್ಮಾನಿಸೋದು, ‘ವೇರ್‌ಫೋರ್’ ಅಂದರೆ ಯಾಕೆ. ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿಡಿ.

ಲಘು ಗುರು:
ಮೇಲಿನದಕ್ಕೆ ಒಂದು ಸೇರಿಸ್ತೀನಿ: ಲಯ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ ಮಕ್ಕಳು ಇಲ್ಲೂ ಮಾತ್ರೆ ಎಣಿಸೋಕೆ ಹೋಗಿ ಸೋಲ್ತಾರೆ. ಇಲ್ಲಿ ಲೆಕ್ಕ ಮಾತ್ರೆಯದಲ್ಲ, ಒತ್ತಿನದು: ಸಾಲಿಗೆ ಹತ್ತು ಸಿಲಬಲ್, ಒಂದು ಬಿಟ್ಟು ಒಂದಕ್ಕೆ ಒತ್ತು, ಒಟ್ಟು ಐದು. ‘ಆ್ಯಂಡ್ ಬ್ರೂಟಸ್ ಈಸ್ ಆ್ಯನ್ ಆನರಬಲ್ ಮ್ಯಾನ್’ ತೆಗೆದುಕೊಳ್ಳಿ. ಬ್ರೂ, ಈಸ್, ಆನ್, ರ, ಮ್ಯಾನ್, ಇಷ್ಟಕ್ಕೆ ಮೇಜು ತಟ್ಟಿಸಿ. ನಾವು ಮಾತಾಡುವಾಗ ‘ಆನ್ರಬಲ್’ ಅಂತ ನುಂಗ್ತೀವಲ್ಲ, ಹಾಗೆ ಓದಿದರೆ ಒಂಬತ್ತೇ ಸಿಲಬಲ್ ಆಗಿ ಸಾಲು ಕುಂಟುತ್ತೆ. ನಾಲ್ಕೂ ಸಿಲಬಲ್ ಬಿಡಿಸಿ ಹೇಳಿದಾಗಲೇ ಸೀಸರ್‌ನ ಗೆಳೆಯ ಆ್ಯಂಟನಿ ಆ ಪದವನ್ನು ಎಷ್ಟು ಎಳೆದೆಳೆದು ಆಡಿಕೊಳ್ತಾನೆ ಅಂತ ಕಿವಿಗೆ ಬೀಳೋದು. ಎಲ್ಲ ಸಾಲೂ ಹೀಗೆ ಅಚ್ಚುಕಟ್ಟಾಗಿರಲ್ಲ. ‘ಸೀಸರ್‌ನನ್ನು ಹೂಳೋಕೆ ಬಂದೆ, ಹೊಗಳೋಕಲ್ಲ’ ಅನ್ನೋ ಸಾಲು ಮೂಲದಲ್ಲಿ ಹನ್ನೊಂದು ಸಿಲಬಲ್, ಅದು ತಪ್ಪೇನಲ್ಲ.

ಮೂರನೇ ಬೆಂಚು:
ಒಂಬತ್ತನೇ ಕ್ಲಾಸಿಗೆ ಮೇಜು ತಟ್ಟೋದು ಎರಡು ದಿನ ಸಾಕು, ಅದರಲ್ಲೇ ಮುಳುಗಬೇಡಿ. ಅದಕ್ಕಿಂತ ಗದ್ಯ ಎಲ್ಲಿ, ಪದ್ಯ ಎಲ್ಲಿ ಅಂತ ಗುರುತಿಸೋದು ಹೆಚ್ಚು ಉಪಯೋಗ. ಪದ್ಯದಲ್ಲಿ ಪ್ರತಿ ಸಾಲೂ ದೊಡ್ಡಕ್ಷರದಿಂದ ಶುರುವಾಗುತ್ತೆ, ಗದ್ಯ ಬಲಗಡೆ ಅಂಚಿನ ತನಕ ಓಡುತ್ತೆ, ನೋಡಿದರೇ ತಿಳಿಯುತ್ತೆ. ಕಿರೀಟದ ಕಥೆಯನ್ನು ಗದ್ಯದಲ್ಲಿ ಗೇಲಿ ಮಾಡಿದ ಅದೇ ಕ್ಯಾಸ್ಕಾ, ಮುಂದಿನ ದೃಶ್ಯದ ಗುಡುಗು ಸಿಡಿಲಿಗೆ ಹೆದರಿ ಪದ್ಯಕ್ಕೆ ಬರ್ತಾನೆ.

ಹತ್ತನೇ ಕ್ಲಾಸಿಗೆ ಮೂರನೇ ಅಂಕದ ಎರಡನೇ ದೃಶ್ಯ ಬಂದಾಗ ಇದರ ಫಲ ಸಿಗುತ್ತೆ. ಸೀಸರ್‌ನನ್ನು ಕೊಂದದ್ದಕ್ಕೆ ಬ್ರೂಟಸ್ ಗದ್ಯದಲ್ಲಿ ಕಾರಣ ಕೊಡ್ತಾನೆ, ಜನ ಒಪ್ಪಿದ ಕೂಡಲೇ ಆ್ಯಂಟನಿಯನ್ನು ಬಿಟ್ಟು ಹೊರಟೇಹೋಗ್ತಾನೆ. ಆ್ಯಂಟನಿ ಪದ್ಯದಲ್ಲಿ ಶುರು ಮಾಡಿ, ಸೀಸರ್‌ನ ಉಯಿಲು ತೋರಿಸಿ ‘ಓದಲ್ಲ’ ಅಂತಾನೆ, ಕೆಳಗಿಳೀತಾನೆ, ಸೀಸರ್‌ನ ಮೇಲಂಗಿಯ ತೂತು ತೋರಿಸಿ ಇದು ಕ್ಯಾಸಿಯಸ್ ಇರಿದದ್ದು, ಇದು ಕ್ಯಾಸ್ಕಾ ಸೀಳಿದ್ದು, ಇದು ಬ್ರೂಟಸ್‌ನದು ಅಂತಾನೆ. ಇಲ್ಲಿ ನಿಲ್ಲಿಸಿ ಕೇಳಿ: ಇವನಿಗೆ ಹೇಗೆ ಗೊತ್ತು? ಇರಿಯುವಾಗ ಅವನು ಅಲ್ಲಿರಲೇ ಇಲ್ಲ, ಸಂಚಿನಲ್ಲಿದ್ದ ಟ್ರೆಬೋನಿಯಸ್ ಮೊದಲೇ ಹೊರಗೆ ಕರಕೊಂಡು ಹೋಗಿದ್ದ. ಜನ ಕೊಂದವರ ಮನೆ ಸುಡೋಕೆ ಹೊರಟ ಮೇಲೆ ಅವನೇ ಉಯಿಲಿನ ನೆನಪು ಮಾಡಿ ತಡೆದು, ರೋಮಿನ ಜನರಿಗೆ ತಲೆಗೆ 75 ಡ್ರಾಕ್ಮಾ (ನಾಣ್ಯ) ಅಂತ ಓದ್ತಾನೆ. ನಾಲ್ಕನೇ ಅಂಕ ತೆರೆದ ಕೂಡಲೇ ಅದೇ ಉಯಿಲು ತರಿಸಿ ಖರ್ಚು ಎಲ್ಲಿ ಕತ್ತರಿಸೋಣ ಅಂತ ನೋಡ್ತಾನೆ! ಸಾರಾಂಶ ಓದಿದವರಿಗೆ ಇದು ಕಾಣಲ್ಲ. ಆ್ಯಂಟನಿ ಅಂದರೆ ನಿಷ್ಠ ಗೆಳೆಯ ಅಂತ ಒಂದು ಸಾಲು ಬರೆದು ಮುಗಿಸ್ತಾರೆ.

ಹೊಂಗೆ ನೆರಳು:
ಕ್ರಿಯಾಪದದ ಉಪಾಯ ಚೆನ್ನಾಗಿದೆ, ಇವತ್ತೇ ಶುರು. ಎರಡು ಅನುಮಾನ. ಸಿನಿಮಾ ಮೊದಲೇ ತೋರಿಸಬಹುದಾ? ಪರೀಕ್ಷೆಯಲ್ಲಿ ಉತ್ತರ ಎಷ್ಟುದ್ದ ಇರಬೇಕು?

ಕೆಂಪು ಇಂಕು:
ಸಿನಿಮಾ ಮೊದಲೇ ಬೇಡ. ನಟನ ಮುಖ ಮನಸ್ಸಲ್ಲಿ ಕೂತು, ಪುಸ್ತಕದಲ್ಲಿ ಇಲ್ಲದ್ದನ್ನು ಉತ್ತರದಲ್ಲಿ ಬರೀತಾರೆ. ಆ ಭಾಷಣದ ದೃಶ್ಯ ಓದಿ ಮುಗಿದ ಮೇಲೆ 1953ರ ಕಪ್ಪು ಬಿಳುಪು ಚಿತ್ರದಲ್ಲಿ ಅಷ್ಟು ಭಾಗ ಮಾತ್ರ ತೋರಿಸಿ. ಆ್ಯಂಟನಿ ಆಗಿರೋದು ಮಾರ್ಲನ್ ಬ್ರಾಂಡೊ. ಪುಸ್ತಕ ಮಡಿಲಲ್ಲಿಟ್ಟು ಯಾವ ಸಾಲು ಬಿಟ್ಟಿದ್ದಾರೆ ಅಂತ ಗುರುತು ಹಾಕಿಸಿ, ಗಮನ ಪಠ್ಯದಲ್ಲೇ ಇರುತ್ತೆ.

ಉತ್ತರದ ಉದ್ದ: ಪೇಪರು 80 ಅಂಕ, ಎರಡು ಗಂಟೆ. ಅಂಕಕ್ಕೆ ಒಂದೂವರೆ ನಿಮಿಷ, ಹದಿನಾರು ಅಂಕದ ಒಂದು ಪ್ರಶ್ನೆಗೆ 24 ನಿಮಿಷ. ಮೂರು ಅಂಕದ ಉಪಪ್ರಶ್ನೆಗೆ ನಾಲ್ಕೈದು ವಾಕ್ಯ ಸಾಕು. ‘ಯಾವ ಸಂದರ್ಭ’ ಅಂದರೆ ಆ ಸಾಲಿಗೆ ತಕ್ಷಣ ಮುಂಚೆ ಏನಾಯಿತು ಅಂತ ಮಾತ್ರ. ನಾಟಕದ ಆರಂಭದಿಂದ ಕಥೆ ಎಳೆಯೋದು ಎಲ್ಲರೂ ಮಾಡೋ ತಪ್ಪು, ಅಲ್ಲೇ ಸಮಯ ಹೋಗಿ ಕೊನೆಯ ಪ್ರಶ್ನೆ ಅರ್ಧಕ್ಕೆ ನಿಲ್ಲುತ್ತೆ. ‘ಯಾಕೆ’ ಅಂದಾಗ ಕೊಟ್ಟ ಸಾಲುಗಳಿಂದಲೇ ಒಂದೆರಡು ಪದ ಎತ್ತಿ, ಆ ಪದದಿಂದ ಏನು ಗೊತ್ತಾಗುತ್ತೆ ಅಂತ ಇನ್ನೊಂದು ವಾಕ್ಯ. ಬರೀ ಕೋಟ್ ಅಂಟಿಸಿದರೆ ಪ್ರಯೋಜನವಿಲ್ಲ. ಕ್ರಿಯಾಪದ ಬರೆದಿಟ್ಟ ಪುಸ್ತಕ ಇದ್ದರೆ ವಾರಕ್ಕೊಂದು ಇಂಥ ಪ್ರಶ್ನೆ ನೀವೇ ತಯಾರಿಸಬಹುದು: ಹತ್ತು ಸಾಲು ಆರಿಸಿ, ಮೊಬೈಲಲ್ಲಿ 24 ನಿಮಿಷದ ಟೈಮರ್ ಇಡಿ.