‘ಜನ್ಮಜಾತ’, ‘ಆನುವಂಶಿಕ’, ‘ಬೆಳವಣಿಗೆಯ ದೋಷ’: ಬಾಯಿ, ದವಡೆಯ ಕಾಯಿಲೆಗಳಿಗೆ ಯಾವ ಪದ ಎಲ್ಲಿ ಸಲ್ಲುತ್ತದೆ?

ಮಾನ್ಯರೇ,

ಬಾಯಿ ಮತ್ತು ದವಡೆಯ ಕಾಯಿಲೆಗಳ ಕುರಿತ ಕನ್ನಡ ಬರಹಗಳಲ್ಲಿ ‘ಜನ್ಮಜಾತ’ ಎನ್ನಬೇಕಾದಲ್ಲಿ ‘ಆನುವಂಶಿಕ’ ಎಂದೂ, ಆನುವಂಶಿಕವಾದುದನ್ನು ಜನ್ಮಜಾತವೆಂದೂ ಬರೆಯುವುದು ಆಗಾಗ ಕಾಣುತ್ತದೆ. ಕಾಯಿಲೆಯನ್ನು ಗುರುತಿಸುವ ಬಗೆಯೇ ಇವೆರಡರಲ್ಲಿ ಬೇರೆಯಾದ್ದರಿಂದ ಇದನ್ನು ಬರಿಯ ಶೈಲಿಯ ಮಾತೆಂದು ಬಿಡಲಾಗದು.

ಗರ್ಭದ 4ರಿಂದ 7ನೆಯ ವಾರದೊಳಗೆ ಕೂಡಿಕೊಳ್ಳಬೇಕಾದ ಮೇಲ್ದುಟಿಯ ಭಾಗಗಳು ಕೂಡದೆ ಉಳಿದಾಗ ಸೀಳುತುಟಿ ಉಂಟಾಗುತ್ತದೆ. ಹುಟ್ಟಿದೊಡನೆ ಕಾಣುವುದರಿಂದ ಅದು ಜನ್ಮಜಾತ. ಆದರೆ ಮನೆತನದಲ್ಲಿ ಬೇರಾರಿಗೂ ಇಲ್ಲದಿದ್ದರೂ ಅದು ಬರುವುದುಂಟು. (ಬಸುರಿಯು ಗ್ರಹಣ ನೋಡಿದ್ದರಿಂದ ಹೀಗಾಯಿತೆಂಬ ನಂಬಿಕೆ ಇನ್ನೂ ಅಳಿದಿಲ್ಲವಾದ್ದರಿಂದ ತಾಯಿಯತ್ತ ಬೆರಳು ತೋರುವ ಪದಗಳು ಬೇಡ.) ಚೆರುಬಿಸಂ ಎಂಬುದು ತಂದೆ ತಾಯಿಯರಲ್ಲಿ ಒಬ್ಬರಿಂದಲೇ ಬರಬಲ್ಲ ಆನುವಂಶಿಕ ಕಾಯಿಲೆ, ಆದರೂ ಹುಟ್ಟಿದ ಮಗುವಿನ ಮುಖದಲ್ಲಿ ಅದರ ಸುಳಿವಿರುವುದಿಲ್ಲ. ಸಾಮಾನ್ಯವಾಗಿ 2ರಿಂದ 5 ವರ್ಷದ ನಡುವೆ ಕೆಳದವಡೆಯ ಎರಡೂ ಬದಿ ನೋವಿಲ್ಲದೆ ಊದಿಕೊಳ್ಳುತ್ತದೆ, ಎಕ್ಸ್‌ರೇಯಲ್ಲಿ ಮೂಳೆಯೊಳಗೆ ಹಲವು ಪೊಳ್ಳುಗಳು ಕಾಣುತ್ತವೆ, ಹರೆಯ ಕಳೆದ ಮೇಲೆ ಊತ ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ.

ಹೆಚ್ಚು ತೊಡಕಿರುವುದು ಹಲ್ಲಿನಲ್ಲಿ. ಪಾವಗಡ, ಬಾಗೇಪಲ್ಲಿಗಳ ಕಡೆ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್‌ನಿಂದ ಮೂಡಿದ ಕಂದು ಗೀರುಗಳಿಗೂ ‘ಹಲ್ಲು ಕರೆಗಟ್ಟಿದೆ’ ಎನ್ನುತ್ತೇವೆ. ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಸರಿಯಾಗಿ ರೂಪುಗೊಳ್ಳದ ಅಮೆಲೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಆನುವಂಶಿಕ ದೋಷಕ್ಕೂ ಅದೇ ಮಾತು. ಇವನ್ನು ಬೇರ್ಪಡಿಸಲು ವೈದ್ಯರು ಹಾಲುಹಲ್ಲುಗಳೂ ಹೀಗೆಯೇ ಇದ್ದವೇ, ಹೆತ್ತವರಿಗೂ ಇದೆಯೇ, ಮೊದಲ ಎಂಟು ವರ್ಷ ಮಗು ಎಲ್ಲಿಯ ನೀರು ಕುಡಿಯಿತು ಎಂದು ಕೇಳುತ್ತಾರೆ. ಒಂದೇ ಮನೆಯವರು ಕುಡಿಯುವ ನೀರೂ ಒಂದೇ ಆದ್ದರಿಂದ ‘ನಮ್ಮಲ್ಲಿ ಎಲ್ಲರಿಗೂ ಇದೆ’ ಎಂಬ ಉತ್ತರವೊಂದರಿಂದಲೇ ಆನುವಂಶಿಕವೆಂದು ಹೇಳಲಾಗದು. ನೆರೆಮನೆಯ ಮಕ್ಕಳ ಹಲ್ಲನ್ನೂ ನೋಡಬೇಕಾಗುತ್ತದೆ.

ನನ್ನ ಪ್ರಶ್ನೆ ಇಲ್ಲಿಯದು. ಫ್ಲೋರೈಡ್‌ನ ಗೀರು ಆನುವಂಶಿಕವಲ್ಲ, ಹುಟ್ಟುವಾಗಲೇ ಬಂದದ್ದೆಂದೂ ಹೇಳಲು ಬಾರದು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ ತಗುಲಿದ್ದು. ‘ಬೆಳವಣಿಗೆಯ ದೋಷ’ ಎಂದರೆ ಮಗುವಿನ ಬೆಳವಣಿಗೆಯೇ ಕುಂಠಿತವಾಗಿದೆಯೆಂದು ಹೆತ್ತವರು ಗಾಬರಿಯಾಗುತ್ತಾರೆ. ‘ರಚನಾದೋಷ’ವು ಏನು ಕೆಟ್ಟಿದೆಯೆಂದು ಹೇಳುತ್ತದೆಯೇ ಹೊರತು ಯಾವಾಗ ಕೆಟ್ಟಿತೆಂದು ಹೇಳುವುದಿಲ್ಲ. ‘ರೂಪುಗೊಳ್ಳುವಿಕೆಯ ದೋಷ’ ಅರ್ಥಕ್ಕೆ ಸರಿಹೊಂದಿದರೂ ಆಡುಮಾತಿಗೆ ಭಾರ. ಹಲ್ಲಿಗೂ ದವಡೆಗೂ ಒಪ್ಪುವ, ಆ ಕಾಲವನ್ನೂ ಸೂಚಿಸುವ ಚಿಕ್ಕ ಪದ ಯಾವ ಸೀಮೆಯಲ್ಲಾದರೂ ಬಳಕೆಯಲ್ಲಿದ್ದರೆ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.