ಕಾಲು ಉಳುಕಿದರೆ ಕ್ರೇಪ್ ಬ್ಯಾಂಡೇಜೋ, ಬ್ರೇಸೋ, ಪ್ಲಾಸ್ಟರೋ?

ಶಟಲ್ ಕೋಚ್, ಬಸವನಗುಡಿ:
ಅಕಾಡೆಮಿಯ ಫಸ್ಟ್ ಏಡ್ ಪೆಟ್ಟಿಗೆಗೆ ಸಾಮಾನು ತರಿಸಬೇಕು. ನೆಗೆದು ಇಳಿಯುವಾಗ ಪಾದ ಒಳಕ್ಕೆ ಹೊರಳಿ ಉಳುಕುವುದೇ ಜಾಸ್ತಿ. ಕ್ರೇಪ್ ಬ್ಯಾಂಡೇಜ್ ಸಾಕೋ, ಬ್ರೇಸ್‌ಗೂ ದುಡ್ಡು ಹಾಕಬೇಕೋ? ಮೂಳೆ ಮುರಿದಿಲ್ಲ ಅಂತಿಟ್ಟುಕೊಳ್ಳಿ.

ಫಿಸಿಯೊ, ಜಯನಗರ:
ಅಂತಿಟ್ಟುಕೊಳ್ಳೋದು ಬೇಡ ಸರ್, ಒತ್ತಿ ನೋಡಿ. ಎಕ್ಸ್‌ರೇ ಬೇಕೋ ಬೇಡವೋ ಅಂತ ತೀರ್ಮಾನಿಸುವ ಒಟ್ಟಾವಾ ನಿಯಮ ಇರೋದೇ ಅದಕ್ಕೆ. ಹರಡಿನ (ಪಾದದ ಕೀಲಿನ) ಎರಡೂ ಪಕ್ಕದ ಗಂಟುಮೂಳೆಯ ಹಿಂದಿನ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂ.ಮೀ. ಒತ್ತಿ. ಆಮೇಲೆ ಕಿರುಬೆರಳ ಕಡೆ, ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆ, ಒಳಪಾದದ ನ್ಯಾವಿಕ್ಯುಲರ್ ಮೂಳೆ. ಇವುಗಳಲ್ಲಿ ಎಲ್ಲಿ ಒತ್ತಿದರೂ ಮೂಳೆ ನೊಂದರೆ, ಅಥವಾ ನಾಲ್ಕು ಹೆಜ್ಜೆ ಊರಲು ಆಗದಿದ್ದರೆ ಎಕ್ಸ್‌ರೇ.

ಇನ್ನು ಕ್ರೇಪ್. ಊತವನ್ನು ಸ್ವಲ್ಪ ಹಿಡಿಯುತ್ತೆ, ಪಾದ ಹೊರಳೋದನ್ನು ತಡೆಯಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2002ರ ಕಾಕ್ರೇನ್ ವಿಮರ್ಶೆ ನೋಡಿ: ಎಲಾಸ್ಟಿಕ್ ಬ್ಯಾಂಡೇಜ್ ಕಟ್ಟಿಕೊಂಡವರಿಗಿಂತ ಅರೆಗಡುಸು ಬ್ರೇಸ್ (ಪಕ್ಕಕ್ಕೆ ಪ್ಲಾಸ್ಟಿಕ್ ಚಿಪ್ಪಿರುವಂಥದ್ದು) ಹಾಕಿದವರು ಬೇಗ ಕೆಲಸಕ್ಕೂ ಆಟಕ್ಕೂ ಮರಳಿದರು. ಆರಂಭದ ಊತಕ್ಕೆ ಶೂ ಥರ ದಾರ ಬಿಗಿದು ಕಟ್ಟುವ ಲೇಸ್ ಬ್ರೇಸ್ ಮೇಲು. ಅಂಟು ಟೇಪಿನಲ್ಲಿ ಚರ್ಮದ ತಕರಾರು ಜಾಸ್ತಿ.

ಮೆಡಿಕಲ್ ಶಾಪ್, ರಾಜಾಜಿನಗರ:
ಕ್ರೇಪನ್ನು ಅಷ್ಟು ಕಡೆಗಣಿಸಬೇಡಿ ಮೇಡಂ, ಕಟ್ಟೋದೇ ತಪ್ಪಾಗಿರುತ್ತೆ. ಹರಡಿಗೆ 10 ಸೆಂ.ಮೀ. ಅಗಲ, 4 ಮೀಟರ್ ಉದ್ದದ್ದು ಸಾಕು, 15 ಸೆಂ.ಮೀ. ಮಂಡಿಗೆ. ಪಾದವನ್ನು ಲಂಬವಾಗಿ ಹಿಡಿದು ಬೆರಳ ಬುಡದಿಂದ ಶುರು ಮಾಡಿ, ಎಂಟರ ಆಕಾರದಲ್ಲಿ ಸುತ್ತಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಎಳೆತ ಪೂರ್ತಿ ಬೇಡ, ಅರ್ಧ. ಹಿಮ್ಮಡಿ ಬಿಟ್ಟು ಕಟ್ಟಿದರೆ ಊತವೆಲ್ಲ ಅಲ್ಲೇ ಉಬ್ಬುತ್ತೆ. ಮೀನಖಂಡದ ಹತ್ತಿರ ಬಿಗಿ, ಪಾದದ ಹತ್ತಿರ ಸಡಿಲ ಆದರೆ ಬೆರಳೇ ಬಾತುಕೊಳ್ಳುತ್ತೆ. ಕಟ್ಟಿದ ಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಲಿಲ್ಲ ಅಂದ್ರೆ ಬಿಚ್ಚಿ ಕಟ್ಟಿ. ರಾತ್ರಿ ಬಿಚ್ಚಿಡಿ.

ಮೂಳೆ ವಿಭಾಗದ ಪಿಜಿ:
ಎಲ್ಲರೂ ಪ್ಲಾಸ್ಟರನ್ನು ಮರೆತೇಬಿಟ್ಟಿರಲ್ಲ. ಕಾಲು ಊರಲೂ ಆಗದ ತೀವ್ರ ಉಳುಕಿಗೆ ಇಂಗ್ಲೆಂಡಿನಲ್ಲಿ 584 ಜನರ ಮೇಲೆ ನಡೆದ ಪ್ರಯೋಗ 2009ರ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿದೆ. ಮಂಡಿ ಕೆಳಗಿನ ಪ್ಲಾಸ್ಟರ್ ಬರೀ 10 ದಿನ ಹಾಕಿದವರು ಮೂರು ತಿಂಗಳ ಹೊತ್ತಿಗೆ ಕಾಲುಚೀಲದಂತೆ ಏರಿಸುವ ಟ್ಯೂಬ್ ಬ್ಯಾಂಡೇಜಿನವರಿಗಿಂತ ಚೆನ್ನಾಗಿದ್ದರು. ಅದೇ ಪ್ರಯೋಗದಲ್ಲಿ ಅಷ್ಟು ದುಬಾರಿ ವಾಕಿಂಗ್ ಬೂಟಿನಿಂದ ಹೆಚ್ಚಿನ ಲಾಭವೇ ಕಾಣಲಿಲ್ಲ.

ಫಿಸಿಯೊ, ಜಯನಗರ:
ಒಂಬತ್ತು ತಿಂಗಳಿಗೆ ಎಲ್ಲ ಗುಂಪೂ ಒಂದೇ ಆಯ್ತು, ಅದನ್ನೂ ಹೇಳಿ. ನಮ್ಮಲ್ಲಿ ಪ್ಲಾಸ್ಟರ್ ಅಂದ್ರೆ 10 ದಿನಕ್ಕೆ ಯಾರು ಬಿಚ್ಚುತ್ತಾರೆ? ಮೂರು ವಾರ ಎಳೆದರೆ ಗಂಟು ಬಿಗಿಯುತ್ತೆ, ಮೀನಖಂಡ ಸೊರಗುತ್ತೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಬೇರೆ.

ಮೂಳೆ ವಿಭಾಗದ ಪಿಜಿ:
ಅದು ಪ್ಲಾಸ್ಟರಿನ ತಪ್ಪಲ್ಲ, ದಿನ ಎಣಿಸದವರದ್ದು. ಸಾಧಾರಣ ಉಳುಕಿಗೆ ನಾನೂ ಹಾಕಿ ಅನ್ನಲ್ಲ. ಎಣ್ಣೆ ಹಚ್ಚಿ ನೀವಿಸಿಕೊಂಡು, ಬಿದಿರು ಪಟ್ಟಿಯ ಬಿಗಿ ಕಟ್ಟು ಹಾಕಿಸಿಕೊಂಡು ಬರ್ತಾರಲ್ಲ, ಆ ತಲೆನೋವು ಬೇರೆ.

ಶಟಲ್ ಕೋಚ್, ಬಸವನಗುಡಿ:
ಬ್ರೇಸ್ ಹಾಕಿಕೊಂಡೇ ಇದ್ದರೆ ಸ್ನಾಯು ಸೋಮಾರಿಯಾಗುತ್ತೆ ಅಂತಾರಲ್ಲ?

ಫಿಸಿಯೊ, ಜಯನಗರ:
ಲೆಕ್ಕವಿಟ್ಟು ಹಾಕಿದರೆ ಹಾಗೇನಾಗಲ್ಲ. ಉಳುಕಿದ ಮೊದಲ ಆರು ವಾರ ಹಗಲೆಲ್ಲ. ಆಮೇಲೆ ಕೋರ್ಟಿಗೆ ಇಳಿಯುವಾಗ, ಒಂದು ವರ್ಷದವರೆಗೂ. ಜತೆಗೆ ಒಂಟಿ ಕಾಲಲ್ಲಿ ನಿಲ್ಲುವ ಬ್ಯಾಲೆನ್ಸ್ ಅಭ್ಯಾಸ ಎಂಟು ವಾರ ಬೇಕೇ ಬೇಕು. ಟೇಪ್ ನಂಬಿಕೊಂಡರೆ ಬೆವರಿಗೆ ಅರ್ಧ ಗಂಟೆಯೊಳಗೆ ಸಡಿಲ, ಮೂರನೇ ಗೇಮಿಗೆ ಬರೀ ಅಲಂಕಾರ.

ಮೆಡಿಕಲ್ ಶಾಪ್, ರಾಜಾಜಿನಗರ:
ಕೊಳ್ಳುವ ಮುಂಚೆ ಪಾದರಕ್ಷೆ ನೋಡಿ ಸರ್. ಎರಡು ಕಡೆ ಪ್ಲಾಸ್ಟಿಕ್ ಚಿಪ್ಪಿರುವ ಸ್ಟಿರಪ್ ಬ್ರೇಸ್ ಲೇಸ್ ಶೂ ಒಳಗೆ ಮಾತ್ರ ನಿಲ್ಲುತ್ತೆ. ಚಪ್ಪಲಿ ಹಾಕುವವರಿಗೆ ಪಕ್ಕಕ್ಕೆ ಜಾರುತ್ತೆ. ಶಟಲ್ ಶೂಗೆ ಲೇಸ್ ಬ್ರೇಸೇ ಸರಿ, ಹತ್ತಿಯ ಸಾಕ್ಸ್ ಮೇಲೆ ಹಾಕಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಒದ್ದೆಯಾಗಿ ಚರ್ಮ ಕಡಿಯುತ್ತೆ. ಊದಿರುವಾಗ ಅಳತೆ ತಗೊಂಡ ಬ್ರೇಸ್ ಎರಡು ವಾರಕ್ಕೆ ಸಡಿಲ, ಹಾಗಾಗಿ ಚೆನ್ನಾಗಿರುವ ಕಾಲಿನದೇ ಅಳತೆ ತಗೊಳ್ಳಿ. ಪೆಟ್ಟಿಗೆಗೆ ಎಂ ಒಂದು, ಎಲ್ ಒಂದು ಸಾಕು. ಎಡ ಬಲ ಎರಡಕ್ಕೂ ಆಗುವಂಥದ್ದೇ ಕೇಳಿ.