ಸಂಜೆಯಾದರೆ ರಚ್ಚೆ ಹಿಡಿಯುವ ಕೂಸು, 26 ದಿನ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ, ಮಗಳಿಗೆ ಇವತ್ತಿಗೆ 26 ದಿನ. ಬಾಣಂತನಕ್ಕೆ ಅಮ್ಮ ಹುಬ್ಬಳ್ಳಿಯಿಂದ ಬಂದಿದ್ದಾರೆ. ಸಂಜೆ ಐದಕ್ಕೆ ಎದ್ದಳು ಅಂದರೆ ರಾತ್ರಿ ಹತ್ತರ ತನಕ ನಿದ್ದೆ ಇಲ್ಲ. ಹಾಲು ಕುಡಿಯುತ್ತಾ ಕುಡಿಯುತ್ತಾ ಬಿಟ್ಟು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚುತ್ತಾಳೆ. ತೊಡೆ ಮೇಲೆ ಮಲಗಿದವಳನ್ನು ಕೆಳಗಿಟ್ಟರೆ ಮತ್ತೆ ಎಚ್ಚರ. ಹಗಲು ಮಲಗಲು ಬಿಡಬೇಡ, ರಾತ್ರಿ ತಾನೇ ಮಲಗುತ್ತೆ ಅಂತ ಪಕ್ಕದ ಮನೆ ಕಾಕು ಹೇಳಿದರು. ಎರಡು ದಿನ ಹಾಗೇ ಮಾಡಿದೆ, ಅಳು ಇನ್ನೂ ಜಾಸ್ತಿ ಆಯಿತು. ನನ್ನ ಹಾಲು ಸಾಲುತ್ತಿಲ್ಲವೇನೋ ಅಂತ ಹೆದರಿಕೆ.

ಉತ್ತರ (ಮಕ್ಕಳ ಡಾಕ್ಟರ್): ಮೊದಲು ಹಗಲು ಎಬ್ಬಿಸಿ ಆಡಿಸುವುದನ್ನು ನಿಲ್ಲಿಸಿ ತಂಗಿ. ದಣಿದಷ್ಟೂ ಚೆನ್ನಾಗಿ ನಿದ್ದೆ ಬರುವುದು ನಮಗೆ, ಕೂಸಿಗಲ್ಲ. ಹೊತ್ತು ಮೀರಿದರೆ ಅದಕ್ಕೆ ನಿದ್ದೆ ಹತ್ತುವುದೇ ಕಷ್ಟ, ಆಮೇಲೆ ರಚ್ಚೆ. ಈ ವಯಸ್ಸಿಗೆ 24 ಗಂಟೆಯಲ್ಲಿ ಸುಮಾರು 14ರಿಂದ 17 ಗಂಟೆ ನಿದ್ದೆ, ಅದೂ ತುಂಡು ತುಂಡಾಗಿ. ಒಂದು ಸಲ ಎದ್ದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಎಚ್ಚರವಿದ್ದರೆ ಸಾಕು, ಹಾಲು, ಬಟ್ಟೆ ಬದಲಿಸುವುದು ಎಲ್ಲ ಸೇರಿ.

ಅಳುವ ತನಕ ಕಾಯಬೇಡಿ. ಅವಳ ಮುಖ ನೋಡುತ್ತಿರಿ. ಹುಬ್ಬಿನ ಸುತ್ತ ಕೆಂಪಾಗುತ್ತೆ, ನಿಮ್ಮಿಂದ ಮುಖ ತಿರುಗಿಸಿ ಗೋಡೆಯನ್ನೋ ಫ್ಯಾನನ್ನೋ ನೋಡುತ್ತಾ ಇದ್ದುಬಿಡುತ್ತಾಳೆ, ಮುಷ್ಟಿ ಬಿಗಿಯುತ್ತೆ. ಆಗಲೇ ದೀಪ ಕಡಿಮೆ ಮಾಡಿ, ಹೆಗಲಿಗೆ ಹಾಕಿಕೊಂಡು ಒಂದೇ ಲಯದಲ್ಲಿ ಚುಕ್ಕು ತಟ್ಟಿ. ಕೆಳಗಿಡುವಾಗ ಮೊದಲು ಕುಂಡೆ, ಆಮೇಲೆ ಬೆನ್ನು, ಕೊನೆಗೆ ತಲೆ. ಎದೆ ಮೇಲೆ ನಿಮ್ಮ ಅಂಗೈ ಒಂದೆರಡು ನಿಮಿಷ ಹಾಗೇ ಇರಲಿ. ಯಾವಾಗಲೂ ಅಂಗಾತ, ಗಟ್ಟಿ ಹಾಸಿಗೆ ಮೇಲೆ. ತಲೆ ಗುಂಡಗಾಗಲಿ ಅಂತ ಸಾಸಿವೆ ದಿಂಬು ಇಟ್ಟಿದ್ದರೆ ಇವತ್ತೇ ತೆಗೆಯಿರಿ.

ಇನ್ನೊಂದು. ಈ ವಯಸ್ಸಿನ ನಿದ್ದೆಯಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಮಿಸುಕಾಡುವ ನಿದ್ದೆ. ಮುಲುಗುತ್ತವೆ, ನಗುತ್ತವೆ, ಕಣ್ಣನ್ನೂ ಅರೆ ತೆರೆಯುತ್ತವೆ. ಎದ್ದಳು ಅಂತ ಎತ್ತಿಕೊಂಡರೆ ನಾವೇ ಎಬ್ಬಿಸಿದ ಹಾಗೆ, ಅಲ್ವಾ? ಸ್ವಲ್ಪ ತಡೆಯಿರಿ.

ಹಾಲಿನ ಚಿಂತೆಗೆ: ದಿನಕ್ಕೆ ಆರು ಅಥವಾ ಜಾಸ್ತಿ ಸಲ ಉಚ್ಚೆ ಹೊಯ್ದು, ತೂಕವೂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ. ಒಮ್ಮೆ ತೂಕ ಮಾಡಿಸಿ, ಮನಸ್ಸಿಗೂ ಸಮಾಧಾನ.

ಪ್ರಶ್ನೆ: ಮನೆ ಒನ್ ರೂಮ್ ಕಿಚನ್ ಮೇಡಂ, ಸಂಜೆ ಆಫೀಸ್ ಬಿಟ್ಟು ಬಂದವರೆಲ್ಲ ಮಗು ನೋಡಲು ಬರುತ್ತಾರೆ. ಸೀರೆ ಜೋಳಿಗೆಯಲ್ಲಿ ಮಲಗಿಸಬಹುದಾ? ಬಜೆ ತೇದು ನೆಕ್ಕಿಸೋಣ ಅನ್ನುತ್ತಾರೆ ಅಮ್ಮ.

ಉತ್ತರ: ಹಾಗಿದ್ದರೆ ಐದು ಗಂಟೆಯ ಕಾರಣ ಸಿಕ್ಕಿತು. ಮಾತಿನ ಸದ್ದಿಗಿಂತ ದೀಪ, ಹೊಸ ಮುಖ, ಕೈಯಿಂದ ಕೈಗೆ ಹೋಗುವುದೇ ಅವಳಿಗೆ ಭಾರ. ಎರಡು ವಾರ ಸಂಜೆ ಯಾರೂ ಬೇಡ, ಭಾನುವಾರ ಬೆಳಿಗ್ಗೆ ಬನ್ನಿ ಅಂತ ನಿಮ್ಮ ಯಜಮಾನರೇ ಫೋನ್ ಮಾಡಿ ಹೇಳಲಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಬಜೆ ಬೇಡವೇ ಬೇಡ. ಗುಟ್ಟಿ (ಬೇರು ತೇದು ಕೊಡುವ ಮನೆಮದ್ದು), ಜೇನು, ಗ್ರೈಪ್ ವಾಟರ್ ಕೂಡ ಬೇಡ. ಆರು ತಿಂಗಳು ತುಂಬುವ ತನಕ ಎದೆಹಾಲು, ಜೊತೆಗೆ ಡಾಕ್ಟರ್ ಬರೆದ ವಿಟಮಿನ್ ಡಿ ಹನಿ, ಅಷ್ಟೇ. ಜೋಳಿಗೆಯಲ್ಲಿ ಗದ್ದ ಎದೆಗೆ ಒತ್ತಿ ಉಸಿರು ಕಟ್ಟಬಹುದು. ಸಮಾಧಾನ ಮಾಡಲು, ಕಣ್ಣೆದುರೇ ಕೂತು ತೂಗಿದರೆ ಸರಿ, ನಿದ್ದೆ ಹತ್ತಿದ ಮೇಲೆ ಹಾಸಿಗೆಗೆ ತನ್ನಿ. ನಿಮಗೇ ತೂಕಡಿಕೆ ಬಂದರೆ ಮಗುವನ್ನು ಅಮ್ಮನಿಗೆ ಕೊಡಿ, ಸೋಫಾದಲ್ಲಿ ಎತ್ತಿಕೊಂಡು ನಿದ್ದೆ ಹೋಗಬೇಡಿ.

ಸಂಜೆಯ ಅಳು ಆರನೇ ವಾರದ ಹೊತ್ತಿಗೆ ಇನ್ನೂ ಸ್ವಲ್ಪ ಏರಿ ಆಮೇಲೆ ಇಳಿಯುತ್ತೆ, ಗಾಬರಿ ಆಗಬೇಡಿ. ಆದರೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಹಾಲೇ ಕುಡಿಯದಿದ್ದರೆ, ಎಬ್ಬಿಸಿದರೂ ಏಳದೆ ಜೋತುಬಿದ್ದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಬಜೆ ಈಗಾಗಲೇ ಕೊಟ್ಟಿದ್ದೀರಾ?

— ಇಲ್ಲ ಮೇಡಂ, ನಿಮ್ಮನ್ನು ಕೇಳಿ ಕೊಡೋಣ ಅಂತ ಇಟ್ಟಿದ್ದೆವು. ನಾಳೆ ತೂಕ ಮಾಡಿಸಿ ಬರೆಯುತ್ತೇನೆ.